ಇಪ್ಪತ್ತರಲ್ಲಿ ಒಂದು ಪಾಲು

ಬೆಳಗಾವಿಯ ಟಿಳಕವಾಡಿಯಲ್ಲಿರುವ ಕಾನೂನು ಮಹಾವಿದ್ಯಾಲಯಕ್ಕೆ ರಾಜಾ ಲಖಮಗೌಡರ ಹೆಸರಿದೆ. ಹುಕ್ಕೇರಿ ತಾಲೂಕಿನ ಹಿಡಕಲ್ ಬಳಿ ಘಟಪ್ರಭೆಗೆ ಅಡ್ಡಲಾಗಿ ಕಟ್ಟಿದ ಜಲಾಶಯಕ್ಕೂ ಅದೇ ಹೆಸರು. ವಂಟಮುರಿಯ ಸರದೇಸಾಯಿಗಳಾದ ಲಖಮಗೌಡ ಬಸವಪ್ರಭುಗಳು ವಿದ್ಯಾಸಂಸ್ಥೆಗಳಿಗೆ ಉದಾರವಾಗಿ ದಾನವಿತ್ತವರು. 1939ರಲ್ಲಿ ಕರ್ನಾಟಕ ಲಾ ಸೊಸೈಟಿ ಆರಂಭಿಸಿದ ಕಾಲೇಜು ಅವರ ಹೆಸರನ್ನು ಧರಿಸಿತು. ಬಹುಕಾಲದ ಮೇಲೆ ಅವರ ಸೀಮೆಯ ನದಿಗೆ ಕಟ್ಟಿದ ಅಣೆಕಟ್ಟೂ ಧರಿಸಿತು. ಜನರು ಮಾತ್ರ ಒಂದನ್ನು ‘ಲಾ ಕಾಲೇಜು’ ಎಂದೂ ಇನ್ನೊಂದನ್ನು ‘ಹಿಡಕಲ್ ಡ್ಯಾಮು’ ಎಂದೂ ಕರೆದು ರಾಜರ ಹೆಸರನ್ನು ಕಾಗದಪತ್ರಗಳಿಗೆ ಬಿಟ್ಟುಕೊಟ್ಟರು. ನನ್ನ ಸೋದರಮಾವ ಆ ಕಾಲೇಜಿನಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಹಿಂದೂ ಕಾನೂನನ್ನೂ ಸ್ವತ್ತಿನ ಕಾನೂನನ್ನೂ ಕಲಿಸಿದರು. ಅವರು ಹುಟ್ಟಿದ ಮನೆ ಆ ಜಲಾಶಯದ ತಳದಲ್ಲಿದೆ. “ಒಂದ ಹೆಸರು ನನಗ ಅನ್ನ ಕೊಟ್ಟೈತಿ, ಅದ ಹೆಸರು ನನ್ನ ಊರ ನುಂಗೈತಿ. ಜಮಾ-ಖರ್ಚು ಸರಿಹೋತು” ಎಂದು ನಗುತ್ತಿದ್ದರು. ಆ ಲೆಕ್ಕ ಅಷ್ಟು ಸುಲಭವಾಗಿ ಸರಿಹೋಗಿರಲಿಲ್ಲವೆಂಬುದು ನನಗೆ ತಿಳಿದದ್ದು ತಡವಾಗಿ.

ಕಾಲೇಜಿನಲ್ಲಿ ಅವರು ‘ಸರ್’, ನಮಗೆ ‘ಮಾಮಾ’. ಇಲ್ಲಿ ಮಾಮಾ ಎಂದೇ ಬರೆಯುತ್ತೇನೆ. ಅವರು ತೀರಿಕೊಂಡು ಎರಡು ಮಳೆಗಾಲ ಕಳೆದಿವೆ. ಶ್ರದ್ಧಾಂಜಲಿ ಸಭೆಯಲ್ಲಿ ವಕೀಲರೂ ನ್ಯಾಯಾಧೀಶರೂ ಮಾತನಾಡಿದರು. ಅವರ ಪಾಠದ ಸ್ಪಷ್ಟತೆ, ಬಡ ವಿದ್ಯಾರ್ಥಿಗಳ ಪರೀಕ್ಷಾ ಶುಲ್ಕವನ್ನು ಸದ್ದಿಲ್ಲದೆ ತುಂಬಿದ್ದು, ಒಂದು ದಿನವೂ ತಡವಾಗಿ ತರಗತಿಗೆ ಬಾರದ್ದು, ಎಲ್ಲವೂ ನಿಜ. ಆದರೆ ಅವರನ್ನು ನಾನು ಅತಿ ಹೆಚ್ಚು ಗೌರವಿಸಿದ ಕಾರಣವನ್ನು ಆ ಸಭೆಯಲ್ಲಿ ಹೇಳುವುದು ನನ್ನಿಂದಾಗಲಿಲ್ಲ. ಅದು ಅವರ ಒಂದು ತಪ್ಪಿಗೆ ಸಂಬಂಧಿಸಿದ್ದು. ಬರೆಯಬಹುದೇ ಎಂದು ಮಾಮಿಯನ್ನು ಕೇಳಿದೆ. “ಬರಿ. ಇಪ್ಪತ್ತ ವರ್ಷ ಹುಡುಗರ ಮುಂದ ಅವರ ಹೇಳ್ಯಾರ. ಹೆಸರ ಹೇಳಿಲ್ಲ, ಅಷ್ಟ” ಎಂದರು.

ಹಿಡಕಲ್ ಜಲಾಶಯದ ಪೂರ್ಣಮಟ್ಟ ಸಮುದ್ರಮಟ್ಟದಿಂದ 2175 ಅಡಿ. ಸಂಗ್ರಹ ಸುಮಾರು 51 ಟಿಎಂಸಿ. ಈ ಮೊದಲನೆಯ ಅಂಕಿ ನಮ್ಮ ಮನೆಯಲ್ಲಿ ಜನ್ಮದಿನದ ಹಾಗೆ ಎಲ್ಲರಿಗೂ ಬಾಯಿಪಾಠ. ಅದಕ್ಕಿಂತ ಕೆಳಗಿದ್ದದ್ದೆಲ್ಲ ಸರಕಾರದ್ದು, ಮೇಲಿದ್ದದ್ದು ನಮ್ಮದು. ಮುತ್ಯಾನ ಹೊಲಗಳಲ್ಲಿ ಹೊಳೆದಂಡೆಯ ಎರೆಭೂಮಿಯೆಲ್ಲ ಆ ಗೆರೆಯ ಕೆಳಗೆ ಬಂತು, ಮೇಲಿನ ಮಡ್ಡಿ ಉಳಿಯಿತು. ಘಟಪ್ರಭೆಯ ನೀರನ್ನು ತಡೆಯುವುದು ಆ ನಾಡಿಗೆ ಹೊಸದಾಗಿರಲಿಲ್ಲ. ಕೆಳಗೆ ಧೂಪದಾಳದ ಒಡ್ಡು 1897ರಷ್ಟು ಹಿಂದೆಯೇ ಎದ್ದಿತ್ತು, ಅದರ ಕಾಲುವೆಯ ಕೆಳಗಿನವರ ಸಿರಿಯನ್ನು ಮುತ್ಯಾ ಕಣ್ಣಾರೆ ಕಂಡಿದ್ದರು. ಆದ್ದರಿಂದ ಅವರಿಗೆ ಅಣೆಕಟ್ಟಿನ ಮೇಲೆ ದ್ವೇಷವಿರಲಿಲ್ಲವಂತೆ. ಗೋಕಾಕ, ಮೂಡಲಗಿ ಸೀಮೆಯ ಕಬ್ಬಿಗೆ ನೀರು ಬೇಕೆಂದರೆ ಯಾರದೋ ಜೋಳದ ಹೊಲ ಮುಳುಗಲೇಬೇಕೆಂಬ ತಿಳಿವಳಿಕೆ ಅವರಿಗಿತ್ತು. ಆ ‘ಯಾರೋ’ ತಾವೇ ಎಂದು ಖಚಿತವಾಗುವ ಹೊತ್ತಿಗೆ, 1969ರಲ್ಲಿ, ಅವರು ತೀರಿಕೊಂಡರು. ಮನೆಯಲ್ಲಿ ಉಳಿದವರು ಅಜ್ಜಿ, ಅಂದರೆ ನಮ್ಮ ಆಯಿ. ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. ನನ್ನ ಅವ್ವ ಎಲ್ಲರಿಗಿಂತ ಹಿರಿಯಳು, ಮಾಮಾ ಅವಳಿಗಿಂತ ನಾಲ್ಕು ವರ್ಷ ಚಿಕ್ಕವರು.

ಅವ್ವ ನಾಲ್ಕನೆಯ ಇಯತ್ತೆಯವರೆಗೆ ಓದಿದವಳು. ತಮ್ಮನಿಗೆ ಪಾಟಿಯ ಮೇಲೆ ಮೊದಲ ಅಕ್ಷರ ತೀಡಿಸಿದವಳು ಅವಳೇ. ಮಾಮಾ ಕಾನೂನು ಓದಲು ಬೆಳಗಾವಿಗೆ ಹೋದಾಗ ಅವಳಿಗೆ ಮದುವೆಯಾಗಿ ಎರಡು ಮಕ್ಕಳಾಗಿದ್ದವು.

ನಾನು ಎಂ.ಎ. ಓದಲು ಬೆಳಗಾವಿಗೆ ಬಂದು ಮಾಮಾನ ಮನೆಯಲ್ಲೇ ಇದ್ದೆ. ಸಂಶೋಧನೆಯ ಕಾಲದಲ್ಲೂ ಅಲ್ಲೇ. ಆ ಮನೆಯ ದಿನಚರಿ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಕಾಲೇಜಿನ ತರಗತಿಗಳು ಬೆಳಿಗ್ಗೆ ಇರುತ್ತಿದ್ದುದರಿಂದ ಮಾಮಾ ಐದಕ್ಕೆ ಎದ್ದು ನೀರಿನ ಒಲೆ ಹಚ್ಚಿ, ಚಹಾ ಮಾಡಿ ಮಾಮಿಯನ್ನು ಎಬ್ಬಿಸುತ್ತಿದ್ದರು. ಆ ಕಾಲದ ನಮ್ಮ ಕಡೆಯ ಮನೆಗಳಲ್ಲಿ ಇದು ನೋಡಸಿಗದ ಸಂಗತಿ. ಊರಿನಿಂದ ಬಂದ ಹಿರಿಯರು ನೋಡಿ ಗಂಟಲು ಸರಿಮಾಡಿಕೊಂಡು ಸುಮ್ಮನಾಗುತ್ತಿದ್ದರು. ಇಬ್ಬರು ಹೆಣ್ಣುಮಕ್ಕಳ ಸಮವಸ್ತ್ರಕ್ಕೆ ಇಸ್ತ್ರಿ ಹಾಕುವುದು, ಶನಿವಾರ ಸಂತೆಯ ಕಾಯಿಪಲ್ಲೆ, ಹಾಲಿನ ಲೆಕ್ಕ, ಎಲ್ಲವೂ ಅವರದೇ. ಹಾಲಿನ ಲೆಕ್ಕದ ಪುಸ್ತಕದಲ್ಲಿ ತಿಂಗಳ ಕೊನೆಗೆ ಗೌಳಿಗನಿಂದ ರುಜು ಹಾಕಿಸಿಕೊಂಡು ತಾವೂ ರುಜು ಮಾಡುತ್ತಿದ್ದರು. “ಇಬ್ಬರೂ ಓದಿ ಸಹಿ ಮಾಡಿದ್ದ ಕಾಗದ ಖರೇ ಕಾಗದ” ಎನ್ನುವುದು ಅವರ ಮಾತು. ಸೂರ್ಯ ಮುಳುಗುವ ಮುನ್ನ ಊಟ ಮುಗಿಯಬೇಕು. ಹೊತ್ತು ಗೊತ್ತಿದ್ದ ವಿದ್ಯಾರ್ಥಿಗಳು ಆಮೇಲೆ ಬರುತ್ತಿದ್ದರು, ಗೊತ್ತಿಲ್ಲದವರು ಪಂಕ್ತಿಯಲ್ಲಿ ಕೂಡುತ್ತಿದ್ದರು. ಊಟವಾದ ಮೇಲೆ ಮಕ್ಕಳ ಪಾಠ. ಸಿಟ್ಟು ಬಂದರೆ ಮರಾಠಿಯಲ್ಲಿ ಮಾತನಾಡುತ್ತಿದ್ದರು, ಅದೂ ಒಂದೇ ವಾಕ್ಯ.

ನನ್ನ ವಿಷಯ ರಟ್ಟರ ಕಾಲದ ಶಾಸನಗಳು. ಸಾಹಿತ್ಯದ ವಿದ್ಯಾರ್ಥಿಯಾದ ನನಗೆ ಶಾಸನವೆಂದರೆ ಮೊದಲಿನ ವೃತ್ತ-ಕಂದಗಳು, ವಂಶವರ್ಣನೆ, ಪ್ರಾಸ. ದತ್ತಿಯ ವಿವರ ಬಂದೊಡನೆ ಪುಟ ತಿರುವುತ್ತಿದ್ದೆ. ಮಾಮಾ ಅದನ್ನು ಕಂಡು, “ನೀ ಲಗ್ನಪತ್ರಿಕಾ ಓದಿ ಎದ್ದ ಬರ್ತಿ, ಲಗ್ನಕ್ಕ ನಿಲ್ಲೂದಿಲ್ಲ” ಎಂದು ತಮಾಷೆ ಮಾಡಿದರು. ಮುಂದೆ ಪ್ರತಿ ರವಿವಾರ ಮಧ್ಯಾಹ್ನ ಒಂದೊಂದು ಶಾಸನವನ್ನು ಇಬ್ಬರೂ ಓದುವುದು ರೂಢಿಯಾಯಿತು. ಅವರಿಗೆ ಹಳಗನ್ನಡ ಅಷ್ಟಾಗಿ ಬಾರದು, ನನಗೆ ಕಾನೂನು ಬಾರದು. ಚತುಸ್ಸೀಮೆ, ಮತ್ತರು, ಕಮ್ಮ, ಸರ್ವಬಾಧಾಪರಿಹಾರ, ಧಾರಾಪೂರ್ವಕ ಎಂದು ನಾನು ಓದುತ್ತಾ ಹೋದರೆ ಅವರು ನಿಲ್ಲಿಸಿ ನಿಲ್ಲಿಸಿ ಕೇಳುತ್ತಿದ್ದರು. ಕೊಡುವವನಿಗೆ ಕೊಡುವ ಅಧಿಕಾರ ಎಲ್ಲಿಂದ ಬಂತು? ಈ ಭೂಮಿಯನ್ನು ಆಗ ಉಳುತ್ತಿದ್ದವನು ಯಾರು, ಅವನೇನಾದ? ತೆರಿಗೆ ಬಿಟ್ಟರೆಂದರೆ ಆ ತೆರಿಗೆ ಮೊದಲು ಯಾರ ಕೈಸೇರುತ್ತಿತ್ತು? ಎಲ್ಲಕ್ಕೂ ಕೊನೆಯ ಪ್ರಶ್ನೆ ಒಂದೇ: “ಈ ಕಾಗದದಾಗ ಬರೀಬೇಕಾಗಿದ್ದ ಯಾವ ಮಾತು ಬರ್ದಿಲ್ಲ?” ಕಲ್ಲಿಗೂ ಅವರು ಕಾಗದವೆಂದೇ ಅನ್ನುತ್ತಿದ್ದರು.

ನನ್ನ ಪ್ರಬಂಧದ ಅತ್ಯುತ್ತಮ ಅಧ್ಯಾಯವೆಂದು ಪರೀಕ್ಷಕರು ಮೆಚ್ಚಿದ್ದು ಈ ಪ್ರಶ್ನೆಗಳಿಂದ ಹುಟ್ಟಿದ್ದು. ಶಾಸನಗಳನ್ನು ಓದುವ ಕಿರಿಯ ಸಂಶೋಧಕರಿಗೆ ಈಗಲೂ ನಾನು ಹೇಳುವುದಿದೆ: ಕಾವ್ಯಭಾಗವನ್ನು ಸಾಹಿತ್ಯದ ಗುರುಗಳ ಹತ್ತಿರ ಓದಿರಿ, ದತ್ತಿಯ ಭಾಗವನ್ನು ಒಬ್ಬ ಒಳ್ಳೆಯ ಸಿವಿಲ್ ವಕೀಲರ ಪಕ್ಕದಲ್ಲಿ ಕುಳಿತು ಓದಿರಿ.

ಒಂದು ರವಿವಾರ, 1996ರ ಬೇಸಿಗೆಯೆಂದು ನೆನಪು, ಬೆಳಗಾವಿ ಕೋಟೆಯ ಬಸದಿಗೆ ಸಂಬಂಧಿಸಿದ ಶಾಸನಗಳನ್ನು ಓದುತ್ತಿದ್ದೆವು. ಇಂದು ಕಮಲ ಬಸದಿಯೆಂದು ಹೆಸರಾದ ಆ ಕಟ್ಟಡವನ್ನು 1204ರಲ್ಲಿ ರಟ್ಟರ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜ ಕಟ್ಟಿಸಿದ. ರಟ್ಟ ಜಿನಾಲಯಕ್ಕೆ ಸಂದ ದತ್ತಿಗಳನ್ನು ಹೇಳುವ ಬೆಳಗಾವಿಯ ಎರಡು ಕಲ್ಲುಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಬಾರ್ನೆಟ್ ಅವುಗಳನ್ನು ಎಪಿಗ್ರಾಫಿಯಾ ಇಂಡಿಕಾದ 13ನೆಯ ಸಂಪುಟದಲ್ಲಿ ಪ್ರಕಟಿಸಿದರು. ಕಾರ್ತವೀರ್ಯನೊಡನೆ ಅವನ ತಮ್ಮ ಮಲ್ಲಿಕಾರ್ಜುನನ ಹೆಸರೂ ಬರುತ್ತದೆ. ಮಾಮಾ, “ಅಣ್ಣ ಇದ್ದಾನ, ತಮ್ಮ ಇದ್ದಾನ. ಅಕ್ಕ-ತಂಗಿ?” ಎಂದರು. ನಾನು ಅದಕ್ಕೆ ಉತ್ತರ ಹುಡುಕದೆ, ‘ಬಿಟ್ಟ ದತ್ತಿ’ ಎಂಬ ಮಾತಿನ ಕಡೆಗೆ ತಿರುಗಿದೆ. ಶಾಸನಗಳಲ್ಲಿ ‘ಬಿಟ್ಟರು’ ಎಂದರೆ ‘ದಾನವಾಗಿ ಕೊಟ್ಟರು’ ಎಂದರ್ಥ, ಇಂದಿನ ‘ಬಿಡು’ ಧಾತುವಿಗೆ ಅಲ್ಲಿ ಇಂಥ ಉದಾತ್ತ ಅರ್ಥವಿದೆ ಎಂದು ವಿದ್ಯಾರ್ಥಿಸಹಜವಾದ ಉತ್ಸಾಹದಿಂದ ವಿವರಿಸಿದೆ.

ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, “ಬಿಟ್ಟದ್ದೊ, ಬಿಡಿಸ್ಕೊಂಡದ್ದೊ, ಅದನ್ನ ಹ್ಯಾಂಗ ತಿಳೀತಿ?” ಎಂದು ಕೇಳಿದರು. ನಾನು ಪದಪ್ರಯೋಗದ ಬಗ್ಗೆ ಏನೋ ಹೇಳಿದೆ. ಅವರು ಎದ್ದು ಒಳಗೆ ಹೋಗಿ ಕಬ್ಬಿಣದ ಪೆಟ್ಟಿಗೆಯಿಂದ ಒಂದು ಕಡತ ತಂದರು. ಅದರಲ್ಲಿ 1972ರಲ್ಲಿ ನೋಂದಣಿಯಾದ ಒಂದು ಹಕ್ಕುಬಿಡುಗಡೆ ಪತ್ರವಿತ್ತು. ಬರಹ ಮಾಮಾನದು. ಕೆಳಗೆ ಆಯಿಯ ಹೆಬ್ಬೆಟ್ಟು, ಚಿಕ್ಕವ್ವನ ಹೆಬ್ಬೆಟ್ಟು, ಅವುಗಳ ನಡುವೆ ಒಂದೊಂದೇ ಅಕ್ಷರ ಬಿಡಿಸಿ ಬರೆದ ನನ್ನ ಅವ್ವನ ಸಹಿ.

ಈ ಪತ್ರದ ಅಗತ್ಯ ಹುಟ್ಟಿದ್ದು ಹೀಗೆ. 1894ರ ಭೂಸ್ವಾಧೀನ ಅಧಿನಿಯಮದ ಪ್ರಕಾರ ಪರಿಹಾರದ ಹಣ ಯಾರಿಗೆ ಎಷ್ಟೆಂಬ ವಿವಾದ ಬಂದರೆ, 30ನೆಯ ಕಲಮಿನಂತೆ ಅಧಿಕಾರಿ ಆ ವಿವಾದವನ್ನು ನ್ಯಾಯಾಲಯಕ್ಕೆ ಒಪ್ಪಿಸಬಹುದಾಗಿತ್ತು. ನ್ಯಾಯಾಲಯಕ್ಕೆ ಹೋಯಿತೆಂದರೆ ವರ್ಷಗಳು ಹಿಡಿಯುತ್ತವೆ, ಹಣ ಅಲ್ಲಿಯವರೆಗೆ ಬರುವುದಿಲ್ಲ. ಆದ್ದರಿಂದ ವಾರಸುದಾರರೆಲ್ಲ ಒಪ್ಪಿ ಒಬ್ಬಿಬ್ಬರ ಕೈಗೆ ಹಣ ಬರುವಂತೆ ಮಾಡಿಕೊಳ್ಳುವುದು ಮುಳುಗಡೆಯ ಊರುಗಳಲ್ಲಿ ಮನೆಮನೆಯಲ್ಲೂ ನಡೆದ ಕೆಲಸ. ಹೆಣ್ಣುಮಕ್ಕಳು ಸಹಿ ಮಾಡಿದರು, ಗಂಡುಮಕ್ಕಳು ಹಣ ಪಡೆದರು. ನಮ್ಮ ಮನೆಯಲ್ಲಿ ಭಿನ್ನವಾಗಿದ್ದದ್ದು ಇಷ್ಟೇ: ಪತ್ರ ಬರೆದವನು ಬಾಂಡ್ ರೈಟರನಲ್ಲ, ಕಾನೂನು ಕಲಿಸುವ ತಮ್ಮ.

ಪತ್ರದ ಒಕ್ಕಣೆ ಎಂದಿನದೇ. ರಾಜೀಖುಷಿಯಿಂದ, ಯಾರ ಒತ್ತಾಯಕ್ಕೂ ಒಳಪಡದೆ, ಸ್ವಸಂತೋಷದಿಂದ, ಪ್ರೀತಿವಿಶ್ವಾಸದ ಮೇಲೆ. ಓದಿಸಿ ಕೇಳಿ ತಿಳಿದು ಸಹಿ ಮಾಡಿದ್ದೇವೆ ಎಂದು ಕೊನೆಗೆ. ಆ ದಿನ ಇಬ್ಬರು ಅಕ್ಕತಂಗಿಯರಿಗೂ ಒಂದೊಂದು ಇಳಕಲ್ ಸೀರೆ. ಅವ್ವ ಆ ಸೀರೆಯನ್ನು ಉಟ್ಟದ್ದನ್ನು ನಾನು ಎಂದೂ ಕಂಡಿಲ್ಲ; ಅದು ಟ್ರಂಕಿನಲ್ಲಿ ಮಡಿಕೆ ಬಿಚ್ಚದೆ ಇತ್ತು. ಇದಕ್ಕೆ ಅರ್ಥ ಹಚ್ಚಲು ನನಗೆ ಧೈರ್ಯವಿಲ್ಲ. ಅವಳಿಗೆ ಬಣ್ಣ ಸೇರದಿರಲೂಬಹುದು.

ಮಾಮಾ ಪತ್ರವನ್ನು ನನ್ನ ಮುಂದಿಟ್ಟು, “ಶಾಸನ ಓದಿಧಾಂಗ ಓದು” ಎಂದರು. ಓದಿದೆ. ಬರೆಯದ ಮಾತು ಯಾವುದೆಂದು ಅವರೇ ಹೇಳಿದರು: “ಎಲ್ಲಾ ಓದಿ ಹೇಳೇನಿ. ಸುಳ್ಳ ಒಂದ ಅಕ್ಷರ ಇಲ್ಲ. ಒಂದ ಮಾತ ಮಾತ್ರ ಹೇಳಲಿಲ್ಲ. ‘ಅಕ್ಕಾ, ನೀ ಸಹಿ ಮಾಡದಿದ್ರೂ ನಡೀತೈತಿ’ ಅಂತ.”

ಹಾಗಾದರೆ ಅವರಿಗೆ ಅಂದು ಕಾನೂನು ತಿಳಿದಿರಲಿಲ್ಲವೇ? ಚೆನ್ನಾಗಿಯೇ ತಿಳಿದಿತ್ತು. ಇಲ್ಲಿ ಓದುಗರು ಸ್ವಲ್ಪ ಗಣಿತವನ್ನು ಸಹಿಸಿಕೊಳ್ಳಬೇಕು. ಜೈನರಿಗೂ ಅನ್ವಯಿಸುವ 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳನ್ನು ಮಗನಿಗೆ ಸಮನಾಗಿಸಲಿಲ್ಲ. ಆದರೆ ಪೂರ್ತಿ ಹೊರಗೂ ಇಡಲಿಲ್ಲ. ತಂದೆ ಸಾಯುವ ಮುನ್ನಿನ ಗಳಿಗೆಯಲ್ಲಿ ಪಾಲಾಗಿತ್ತೆಂದು ಕಲ್ಪಿಸಿಕೊಂಡು, ಆಗ ತಂದೆಗೆ ಬರಬಹುದಾಗಿದ್ದ ಪಾಲನ್ನು ಹೆಂಡತಿಗೂ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮನಾಗಿ ಹಂಚಬೇಕು. ಇದರ ಲೆಕ್ಕವನ್ನು ಸುಪ್ರೀಂ ಕೋರ್ಟು 1978ರ ಏಪ್ರಿಲಿನಲ್ಲಿ ಗುರುಪಾದ ಖಂಡಪ್ಪಾ ಮಗ್ದುಮ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ದೇಶದ ಎಲ್ಲ ಕಾನೂನು ವಿದ್ಯಾರ್ಥಿಗಳು ಓದುವ ತೀರ್ಪು ಅದು. ಕಕ್ಷಿದಾರರ ಹೆಸರುಗಳು ಮಾತ್ರ ನಮ್ಮ ಗಡಿಸೀಮೆಯ ಯಾವ ಊರಿನ ಉತಾರಿನಲ್ಲಾದರೂ ಕಾಣಸಿಗುವಂಥವು. ಖಂಡಪ್ಪಾ 1960ರಲ್ಲಿ ತೀರಿಕೊಂಡ. ಹೆಂಡತಿ ಹೀರಾಬಾಯಿ, ಇಬ್ಬರು ಗಂಡುಮಕ್ಕಳು, ಮೂವರು ಹೆಣ್ಣುಮಕ್ಕಳು. ಕಲ್ಪಿತ ಪಾಲಿನಲ್ಲಿ ತಂದೆ, ತಾಯಿ, ಇಬ್ಬರು ಮಕ್ಕಳಿಗೆ ತಲಾ 1/4. ತಂದೆಯ 1/4 ಆರು ಜನರಲ್ಲಿ ಹಂಚಿ ಹೋಗಿ ತಲಾ 1/24. ಹೀರಾಬಾಯಿಗೆ ಎರಡೂ ಕೂಡಿ 7/24 ಎಂದು ತೀರ್ಪಾಯಿತು. ನಮ್ಮ ಮನೆಯಲ್ಲಿ ಮಗಳೊಬ್ಬಳು ಕಡಿಮೆ. ಮುತ್ಯಾನ 1/4 ಐದು ಜನರಿಗೆ ಹಂಚಿದರೆ ಹೆಣ್ಣುಮಕ್ಕಳಿಗೆ ತಲಾ 1/20.

“ಇಪ್ಪತ್ತರಾಗ ಒಂದು. ರೂಪಾಯಿಗೆ ಐದ ಪೈಸಾ” ಎಂದರು ಮಾಮಾ. “ಅಷ್ಟ ಸಣ್ಣದ ಅಂತ ಬಿಡಿಸ್ಕೊಂಡೆ. ಅಷ್ಟ ಸಣ್ಣದಿದ್ರ ಕೊಟ್ಟಬಿಡಬಹುದಾಗಿತ್ತಲ್ಲಾ.”

ಆ ಪರಿಹಾರದ ಹಣದಿಂದಲೇ ಟಿಳಕವಾಡಿಯ ನಿವೇಶನ ಕೊಂಡದ್ದು. ನಾನು ನಾಲ್ಕು ವರ್ಷ ಉಂಡು ಮಲಗಿದ ಮನೆ ಅದರ ಮೇಲೆ ನಿಂತಿತ್ತು. ಕಿರಿಯ ಮಾಮಾ ಮುಳುಗದೆ ಉಳಿದ ಮಡ್ಡಿ ಜಮೀನು ಪಡೆದು ಊರಲ್ಲೇ ಉಳಿದರು. ತನ್ನನ್ನು ಅಷ್ಟು ಅಕ್ಕರೆಯಿಂದ ಓದಿಸಿದ್ದರಲ್ಲಿ ಆ ಐದು ಪೈಸೆಯ ಋಣವೂ ಇತ್ತೇ ಎಂದು ನಾನು ಅವರನ್ನು ಕೇಳಲಿಲ್ಲ.

1978ರ ತೀರ್ಪು ಬಂದ ಮೇಲೆ ಅದನ್ನು ಅವರು ಪ್ರತಿ ವರ್ಷ ಪಾಠ ಮಾಡಲೇಬೇಕಾಯಿತು. ಹೀರಾಬಾಯಿಯ ಲೆಕ್ಕ ಮುಗಿದ ಮೇಲೆ ಕಪ್ಪುಹಲಗೆಯ ಮೇಲೆ ಇನ್ನೊಂದು ಕುಟುಂಬ ಬರೆಯುತ್ತಿದ್ದರಂತೆ: ವಿಧವೆ ತಾಯಿ, ಗಂಡುಮಕ್ಕಳು ಅ ಮತ್ತು ಬ, ಹೆಣ್ಣುಮಕ್ಕಳು ಕ ಮತ್ತು ಡ. ಅ ವಕೀಲ. ಕ ಮತ್ತು ಡ ಇವರಿಂದ ಅವನು ಹಕ್ಕುಬಿಡುಗಡೆ ಪತ್ರ ಬರೆಸಿಕೊಂಡಿದ್ದಾನೆ. ಈ ಪತ್ರ ಏನನ್ನು ಸಿದ್ಧಪಡಿಸುತ್ತದೆ? ಕ ಮತ್ತು ಡ ಇವರಿಗೆ ಹಕ್ಕಿಲ್ಲವೆಂಬುದನ್ನೋ, ಹಕ್ಕಿತ್ತೆಂಬುದನ್ನೋ? ಇಲ್ಲದ ಹಕ್ಕನ್ನು ಬಿಡಲು ಬರುತ್ತದೆಯೇ? ಅವರ ಹಳೆಯ ವಿದ್ಯಾರ್ಥಿಗಳೊಬ್ಬರು ಶ್ರದ್ಧಾಂಜಲಿ ಸಭೆಯಲ್ಲಿ ಈ ಪ್ರಶ್ನೆಯನ್ನು ನೆನಪಿಸಿಕೊಂಡು ಅವರ ಬೋಧನಾಕೌಶಲವನ್ನು ಹೊಗಳಿದರು. ಮೊದಲ ಸಾಲಿನಲ್ಲಿದ್ದ ಮಾಮಿ ತಲೆ ತಗ್ಗಿಸಿದರು.

ತರಗತಿಯಲ್ಲಿ ಅವರು ವಿಜ್ಞಾನೇಶ್ವರನನ್ನೂ ತರುತ್ತಿದ್ದರು. ಭಾರತದ ಬಹುಭಾಗದ ಪಾಲಿನ ಕಾನೂನನ್ನು ರೂಪಿಸಿದ ‘ಮಿತಾಕ್ಷರಾ’ ನಮ್ಮ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಬರೆದದ್ದೆಂಬುದು ಸಾಹಿತ್ಯದವರಿಗೂ ಗೊತ್ತು. ಆದರೆ ಅವನು ಸ್ತ್ರೀಧನ ಎಂಬ ಶಬ್ದಕ್ಕೆ ವಿಶಾಲವಾದ ಅರ್ಥ ಕೊಟ್ಟು, ಹೆಣ್ಣಿಗೆ ಉತ್ತರಾಧಿಕಾರದಿಂದ, ಪಾಲಿನಿಂದ, ಕ್ರಯದಿಂದ ಬಂದುದನ್ನೂ ಅದರೊಳಗೆ ಸೇರಿಸಿದನೆಂಬುದು ಅಷ್ಟಾಗಿ ಗೊತ್ತಿಲ್ಲ. ಬ್ರಿಟಿಷರ ಕಾಲದಲ್ಲಿ ಪ್ರಿವಿ ಕೌನ್ಸಿಲ್ ಆ ಅರ್ಥವನ್ನು ಒಪ್ಪದೆ, ಗಂಡನಿಂದ ಹೆಣ್ಣಿಗೆ ವಾರಸಾಗಿ ಬಂದ ಆಸ್ತಿ ಸ್ತ್ರೀಧನವಲ್ಲವೆಂದು ತೀರ್ಮಾನಿಸಿತು. “ಹಳೇದೆಲ್ಲಾ ಹೆಣ್ಣಿಗೆ ವಿರುದ್ಧ, ಹೊಸದೆಲ್ಲಾ ಪರ ಅಂತ ಬರೀಬ್ಯಾಡ್ರಿ. ಮೂಲ ತೆಗದ ನೋಡ್ರಿ” ಎನ್ನುತ್ತಿದ್ದರು. ಸಂಸ್ಕೃತ ಬಲ್ಲವರು ವಾದಿಸಿದರೆ ಸಂತೋಷಪಡುತ್ತಿದ್ದರು.

1994ರ ಜುಲೈ 30ರಂದು ಕರ್ನಾಟಕದ ತಿದ್ದುಪಡಿ ಜಾರಿಗೆ ಬಂತು. ಮಗಳೂ ಹುಟ್ಟಿನಿಂದಲೇ ಸಹಭಾಗಿಯಾದಳು. ಆದರೆ ಅದಕ್ಕೆ ಮೊದಲೇ ಮದುವೆಯಾದ ಹೆಣ್ಣುಮಕ್ಕಳನ್ನು ಹೊರಗಿಟ್ಟರು. ಅವ್ವ ಹೊರಗೆ ಉಳಿದಳು. ಚಿಕ್ಕವ್ವ ಆ ಹೊತ್ತಿಗೆ ತೀರಿಕೊಂಡು ಮೂರು ವರ್ಷವಾಗಿತ್ತು. ಮಾಮಾ ನನಗೆ ಕಡತ ತೋರಿಸಿದ್ದು ಇದರ ಮುಂದಿನ ಮಾತು. ಅಂದು ನಾನು ಕೇಳಿದೆ: “ಅವ್ವ ಕೋರ್ಟಿಗೆ ಹೋದರೆ?” ಅವರು ಕೂಡಲೇ ಉತ್ತರಿಸಿದರು, ಪ್ರಾಧ್ಯಾಪಕರ ದನಿಯಲ್ಲಿ: ಪತ್ರ ನೋಂದಾಯಿತವಾಗಿದೆ, ವಂಚನೆಯಿಲ್ಲ, ಕಾಲಮಿತಿ ಎಂದೋ ಮೀರಿದೆ. ಆಮೇಲೆ ಮಾಮಾನ ದನಿಯಲ್ಲಿ: “ಕೋರ್ಟಿನ್ಯಾಗ ನಾನ ಗೆಲ್ತೇನಿ. ಅದ ತ್ರಾಸು.”

ಇಷ್ಟಾದರೂ ಅವರು ಮುಂದೆ ನಾಲ್ಕು ವರ್ಷ ಏನೂ ಮಾಡಲಿಲ್ಲ. ಅವರನ್ನು ಇಲ್ಲಿ ದೊಡ್ಡವರಾಗಿ ಮಾಡಲು ಆ ನಾಲ್ಕು ವರ್ಷವನ್ನು ಮುಚ್ಚಿಡಲಾರೆ. ಹಿರಿಯ ಮಗಳ ಮದುವೆಯ ಖರ್ಚು, ಕಿರಿಯವಳ ಎಂಜಿನಿಯರಿಂಗು, ಯಾವ ಮಧ್ಯಮವರ್ಗದ ಮನೆಗೂ ಇರುವ ಕಾರಣಗಳೇ ಅವರಿಗೂ ಇದ್ದವು. ಅವರು ಎದ್ದದ್ದು ಒಬ್ಬ ವಿದ್ಯಾರ್ಥಿನಿಯಿಂದ. ನಿವೃತ್ತಿಯ ಹಿಂದಿನ ವರ್ಷ ಎಂದಿನಂತೆ ಅ, ಬ, ಕ, ಡ ಬರೆದು ಪ್ರಶ್ನೆ ಕೇಳಿ, ಉತ್ತರವನ್ನೂ ಪಡೆದು ಹಲಗೆ ಒರೆಸುವಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, “ಸರ್, ಅ ಮುಂದ ಏನ ಮಾಡಿದ್ರಿ?” ಎಂದಳಂತೆ. ಕಾನೂನಿನ ಪ್ರಶ್ನೆಯಲ್ಲಿ ‘ಮುಂದೆ’ ಎಂಬುದಿರುವುದಿಲ್ಲ. ತರಗತಿ ನಕ್ಕಿತು. ಮಾಮಾ ನಗಲಿಲ್ಲ, “ಅ ಇನ್ನೂ ಏನೂ ಮಾಡಿಲ್ಲವ್ವಾ” ಎಂದು ಹೇಳಿ ಹೊರಬಂದರಂತೆ.

2000ದಲ್ಲಿ ನಿವೃತ್ತಿಯ ಹಣ ಕೈಗೆ ಬಂದ ತಿಂಗಳೇ ಮಾಮಾ ಮಾಮಿ ಇಬ್ಬರೂ ಬಸ್ಸಿನಲ್ಲಿ ನಮ್ಮ ಊರಿಗೆ ಬಂದರು. ಅಂದು ನಾನೂ ಊರಲ್ಲಿದ್ದೆ. ಅವ್ವ ಪಡಸಾಲೆಯಲ್ಲಿ ಕುಳಿತು ಜೋಳ ಹಸನು ಮಾಡುತ್ತಿದ್ದಳು. ಮಾಮಾ ಎದುರಿಗೆ ಚಾಪೆಯ ಮೇಲೆ ಕುಳಿತು, ಒಂದು ಹಾಳೆ ಬಿಚ್ಚಿ ಲೆಕ್ಕ ಓದಿದರು. ಪರಿಹಾರದ ಅಂದಿನ ಮೊತ್ತಕ್ಕೆ ಬಡ್ಡಿ ಹಾಕಿರಲಿಲ್ಲ. ಆ ಹಣ ನಿವೇಶನವಾಗಿ ಬೆಳೆದದ್ದರಿಂದ ನಿವೇಶನದ ಆ ದಿನದ ಪೇಟೆಯ ಬೆಲೆಯಲ್ಲಿ ಇಪ್ಪತ್ತರಲ್ಲಿ ಒಂದು ಭಾಗ ತೆಗೆದಿದ್ದರು. ಓದಿ ಮುಗಿಸಿ, ಇಪ್ಪತ್ತೆಂಟು ವರ್ಷದ ಹಿಂದೆ ಹೇಳದ ಮಾತನ್ನು ಹೇಳಿದರು. ಹಣದ ಪಾಕೀಟನ್ನು ಮರದ ಹತ್ತಿರ ಇಟ್ಟರು.

ಅವ್ವ ಬೇಡವೆನ್ನುತ್ತಾಳೆ, ಕಣ್ಣೀರು ಹಾಕಿ ತಮ್ಮನ ತಲೆ ಸವರುತ್ತಾಳೆ ಎಂದು ನಾನು ಎಣಿಸಿದ್ದೆ. ಮಾಮಾನೂ ಹಾಗೇ ಎಣಿಸಿದ್ದರೆಂದು ಆಮೇಲೆ ಒಪ್ಪಿಕೊಂಡರು. ಅವ್ವ ಕೈಗೆ ಹತ್ತಿದ ಹೊಟ್ಟನ್ನು ಸೆರಗಿಗೆ ಒರೆಸಿಕೊಂಡು, ಪಾಕೀಟು ಬಿಚ್ಚಿ, ನೋಟುಗಳನ್ನು ಒಂದೊಂದಾಗಿ ಎಣಿಸಿದಳು. ಎರಡು ಸಲ ಎಣಿಸಿದಳು. ಆಮೇಲೆ ಹೇಳಿದಳು: “ತಮ್ಮಾ, ಅವತ್ತ ನಾ ಕಾಗದ ಓದಿದ್ದೆ. ನೀ ಓದಿ ಹೇಳೂಕಿಂತ ಮೊದಲ. ನಿನಗ ಅಕ್ಷರ ಕಲಿಸಿದಾಕಿ ನಾನಲ್ಲೇನೋ. ನೀ ಯಾವಾಗ ಬರ್ತಿ ಅಂತ ನೋಡ್ಕೋತ ಕುಂತಿದ್ದೆ.”

ಮಾಮಾ ಏನೂ ಅನ್ನಲಿಲ್ಲ. ಮಾಮಿ ಎದ್ದು ಒಳಗೆ ಹೋಗಿ ನೀರು ತಂದುಕೊಟ್ಟರು. ಅವ್ವ ಮತ್ತೆ ಮರ ಎತ್ತಿಕೊಂಡು, “ಊಟಕ್ಕ ನಿಲ್ರಿ, ಹೊತ್ತ ಮುಳುಗೂಕಿಂತ ಮೊದಲ ಮಾಡ್ತೇನಿ” ಎಂದಳು.

ಚಿಕ್ಕವ್ವನ ಪಾಲನ್ನು ಅವಳ ಮಕ್ಕಳಿಗೆ ಕೊಟ್ಟರು. ಅವರು ಅದನ್ನು ಮಾವನ ಉಡುಗೊರೆ ಎಂದುಕೊಂಡರು. ಮಾಮಾ ಬಿಡದೆ ‘ನಮ್ಮ ತಾಯಿಯ ಪಾಲು’ ಎಂದು ಅವರಿಂದ ರಸೀದಿ ಬರೆಸಿಕೊಂಡರು. ಅದನ್ನು ಕೇಳಬೇಕಾಗಿದ್ದವಳು ಇರಲಿಲ್ಲ. ಕಿರಿಯ ಮಾಮಾ ಇದರಿಂದ ಬಹಳ ನೊಂದುಕೊಂಡರು. ತನ್ನನ್ನು ಕಳ್ಳನನ್ನಾಗಿ ಮಾಡಲೆಂದೇ ಅಣ್ಣ ಹೀಗೆ ಮಾಡಿದನೆಂದು ಅವರ ಭಾವನೆ. “ಕಾಗದ ಆಗೇತಿ, ಮತ್ತ್ಯಾಕ ಕೆದಕಬೇಕು” ಎಂದರು. ಹಲವು ವರ್ಷ ಎರಡು ಮನೆಗಳ ನಡುವೆ ಬಳಕೆ ಇರಲಿಲ್ಲ. ಮಾಮಾನ ಮೊದಲ ಮೊಮ್ಮಗಳ ತೊಟ್ಟಿಲಿಗೂ ಅವರು ಬರಲಿಲ್ಲ. ಮಡ್ಡಿಯ ಮೇಲೆ ಬದುಕು ಕಟ್ಟಿದ ಅವರ ಕಷ್ಟವೂ ಸುಳ್ಳಲ್ಲ. ಮಾಮಾ ಅವರನ್ನು ಒಮ್ಮೆಯೂ ದೂಷಿಸಲಿಲ್ಲ, ಅವರ ಪಾಲಿನ ಲೆಕ್ಕವನ್ನು ಬಾಯಿಬಿಟ್ಟು ಹೇಳಲೂ ಇಲ್ಲ. ನನ್ನ ಕೈಗೆ ಬಂದದ್ದಕ್ಕೆ ಮಾತ್ರ ನಾನು ಉತ್ತರ ಹೇಳಬೇಕು ಎನ್ನುತ್ತಿದ್ದರು.

ಅವ್ವ 2011ರಲ್ಲಿ ತೀರಿಕೊಂಡಳು. ಅದರ ಹಿಂದಿನ ಒಂದು ಬೇಸಿಗೆಯಲ್ಲಿ ಜಲಾಶಯ ಬಹಳ ಇಳಿದಿದೆಯೆಂದು ಕೇಳಿ, ಅಕ್ಕ-ತಮ್ಮ ಇಬ್ಬರನ್ನೂ ಹಿಡಕಲ್ ಕಡೆಗೆ ಕರೆದೊಯ್ದಿದ್ದೆ. ನೀರು ತಗ್ಗಿದಾಗ ಹುನ್ನೂರಿನ ವಿಠ್ಠಲ ದೇವಸ್ಥಾನ ಮೇಲೆದ್ದು ನಿಲ್ಲುತ್ತದೆ. ಇಷ್ಟು ವರ್ಷ ನೀರಿನಲ್ಲಿದ್ದೂ ಕಲ್ಲು ಸರಿದಿಲ್ಲವೆಂದು ನೋಡಲು ಜನ ಬರುತ್ತಾರೆ. ನಮ್ಮ ಊರಿನದು ಮಣ್ಣಿನ ಮನೆಗಳು, ನಿಂತದ್ದು ಏನೂ ಇಲ್ಲ. ಬಿರಿದ ಕೆಸರಿನಲ್ಲಿ ಅಡಿಗಲ್ಲಿನ ಸಾಲುಗಳು ಮಾತ್ರ. ಮಾಮಾ ಸರ್ವೆ ನಂಬರು ಹೇಳುತ್ತಾ, ಹೆಜ್ಜೆ ಎಣಿಸುತ್ತಾ ಮನೆ ಹುಡುಕಿದರು, ಸಿಗಲಿಲ್ಲ. ಅವ್ವ ಒಂದು ಕಡೆ ನಿಂತು, “ಇಲ್ಲಿ ಹಗೇವು ಇತ್ತು” ಎಂದಳು. ಕಾಲಡಿಯಲ್ಲಿ ನೆಲ ಗುಂಡಗೆ ತಗ್ಗಾಗಿತ್ತು. ಇಬ್ಬರೂ ಅಲ್ಲಿಯೇ ಸ್ವಲ್ಪ ಹೊತ್ತು ಕುಳಿತು, ಸತ್ತುಹೋದ ಎತ್ತುಗಳ ಹೆಸರು ನೆನಪು ಮಾಡಿಕೊಂಡು ನಕ್ಕರು. ಅಂದು ಕಾನೂನಿನ ಮಾತು ಬರಲಿಲ್ಲ.

2005ರ ಕೇಂದ್ರ ತಿದ್ದುಪಡಿ ಮದುವೆಯಾದ ಮಗಳು, ಆಗದ ಮಗಳು ಎಂಬ ಭೇದವನ್ನು ತೆಗೆದುಹಾಕಿತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ, ತಿದ್ದುಪಡಿಯ ದಿನ ತಂದೆ ಬದುಕಿರಲೇಬೇಕೆಂದಿಲ್ಲ, ಮಗಳ ಹಕ್ಕು ಹುಟ್ಟಿನಿಂದ ಬಂದದ್ದು ಎಂದು ಸುಪ್ರೀಂ ಕೋರ್ಟು ಹೇಳಿತು. ಸಾಂಕ್ರಾಮಿಕದ ಆ ದಿನಗಳಲ್ಲಿ ಎಂಬತ್ತರ ಮಾಮಾ ಮೊಮ್ಮಗಳಿಂದ ತೀರ್ಪನ್ನು ಮುದ್ರಿಸಿ ತರಿಸಿಕೊಂಡು ಮೂರು ದಿನ ಓದಿದರು. ನಾಲ್ಕನೆಯ ದಿನ ನನಗೆ ಫೋನು. “ಹುಟ್ಟಿದ್ರ ಸಾಕಂತ, ಹಕ್ಕು. ವಿಜ್ಞಾನೇಶ್ವರ ಗಂಡಮಕ್ಕಳಿಗೆ ಹೇಳಿದ್ದ ಮಾತು ಹೆಣ್ಣಮಕ್ಕಳಿಗೆ ಮುಟ್ಟಾಕ ಒಂಬೈನೂರ ವರ್ಷ ಹಿಡೀತ ನೋಡು.” ಸ್ವಲ್ಪ ತಡೆದು, “ನನಗ ಇಪ್ಪತ್ತೆಂಟ ಹಿಡದಿತ್ತು” ಎಂದರು.

ಅವರು ಹೋದ ಮೇಲೆ ಮಾಮಿ ಆ ಕಡತವನ್ನು ನನಗೆ ಕೊಟ್ಟರು. ಹಕ್ಕುಬಿಡುಗಡೆ ಪತ್ರದ ಪಕ್ಕದಲ್ಲಿ ಚಿಕ್ಕವ್ವನ ಮಕ್ಕಳ ರಸೀದಿ ಇತ್ತು. ಅವ್ವನ ರಸೀದಿ ಇರಲಿಲ್ಲ, ಅವಳಿಂದ ಬರೆಸಿಕೊಂಡಿರಲಿಲ್ಲ.

ಅವ್ವ ಆ ಹಣದಿಂದ ನಮ್ಮ ಊರಿನ ಹಳ್ಳದ ಬದಿಯಲ್ಲಿ ಇಪ್ಪತ್ತು ಗುಂಟೆ ಖುಷ್ಕಿ ಜಮೀನು ಕೊಂಡಿದ್ದಳು, ತನ್ನೊಬ್ಬಳ ಹೆಸರಿನಲ್ಲಿ. ಖರೀದಿಪತ್ರಕ್ಕೆ ಸಹಿ ಮಾಡುವ ಮೊದಲು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದಳು. ಬಾಂಡ್ ರೈಟರು ಹಿಂದೆ ಸರತಿಯಲ್ಲಿದ್ದವರನ್ನು ತೋರಿಸಿದರೂ ಅವಸರ ಮಾಡಲಿಲ್ಲ. ಅವಳ ನಂತರ ಅದು ವಾರಸಾ ಆಗಿ ನಮಗೆ ಬಂದಿದೆ. ಉತಾರಿನಲ್ಲಿ ಮೊದಲು ನನ್ನ ತಂಗಿಯ ಹೆಸರಿದೆ, ಕೆಳಗೆ ನನ್ನದು. ಈ ಸಲ ತಂಗಿ ಅಲ್ಲಿ ಹಿಂಗಾರಿ ಜೋಳ ಹಾಕಿಸಿದ್ದಾಳೆ.